ಹೊಳೆ ನೀರು ಸೋಸುವ ಡ್ರಮ್: ಜಲ್ಲಿ, ಕಲ್ಲುಪುಡಿ, ಜಾಲಿ ಇದ್ದಿಲಿನಿಂದ ಮನೆಯಲ್ಲೇ ಕಟ್ಟುವ ಕ್ರಮ

ತುಂಗಭದ್ರೆಯ ನೀರು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಮಲೆನಾಡಿನ ಕೆಮ್ಮಣ್ಣು ಹೊತ್ತು ಬರುತ್ತದೆ. ದೀಪಾವಳಿ ಹೊತ್ತಿಗೆ ತಿಳಿಯಾಗುತ್ತದೆ. ಕೆಲವು ವರ್ಷ ಜಲಾಶಯದ ಹಿನ್ನೀರು ಪಾಚಿ ಕಟ್ಟಿ ಹಸಿರಾಗುತ್ತದೆ. ಬೇಸಿಗೆಯಲ್ಲಿ ಮಡುಗಳಲ್ಲಿ ನಿಂತು ವಾಸನೆ ಹೊಡೆಯುತ್ತದೆ. ಹುಲಿಗಿ, ಆನೆಗೊಂದಿ, ಕಂಪ್ಲಿ, ಸಿರುಗುಪ್ಪದ ಹೊಳೆದಂಡೆಯ ತೋಟದ ಮನೆಗಳಲ್ಲಿ, ಪ್ರವಾಹ ಬಂದಾಗ ದಾರಿ ಕಡಿದುಹೋಗುವ ರಾಯಚೂರಿನ ಕೃಷ್ಣಾ ನಡುಗಡ್ಡೆಗಳಲ್ಲಿ ನಲ್ಲಿ ನೀರು ನಿಂತರೆ ಹೊಳೆಯೇ ಗತಿ. ಅಂಥ ಮನೆಗೆ, ದಿನಕ್ಕೆ ಸುಮಾರು 40 ಲೀಟರ್ ಕುಡಿಯುವ ಮತ್ತು ಅಡುಗೆಯ ನೀರಿಗೆ ಸಾಲುವ ಸೋಸುಡ್ರಮ್ ಕಟ್ಟುವ ಬಗೆ ಇಲ್ಲಿದೆ. ಬೇಕಾಗುವ ಸಾಮಾನೆಲ್ಲ ಕ್ರಷರ್, ಇದ್ದಿಲು ಅಂಗಡಿ ಮತ್ತು ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಮೊಬೈಲಿನಲ್ಲಿ ಓಡಾಡುವ ವಿಡಿಯೋ ನೋಡಿರುತ್ತೀರಿ: ಬಾಟಲಿ ಕತ್ತರಿಸಿ, ಒಳಗೆ ಹತ್ತಿ, ಇದ್ದಿಲು, ಮರಳು, ಕಲ್ಲು ಪದರ ಪದರ ಹಾಕಿ, ಮೇಲಿಂದ ಕೆಸರು ನೀರು ಸುರಿದರೆ ಕೆಳಗೆ ಕನ್ನಡಿಯಂಥ ನೀರು. ನೀರು ತಿಳಿಯಾಗುವುದು ನಿಜ. ಆದರೆ ಕಾಲರಾ, ಟೈಫಾಯಿಡ್, ಕಾಮಾಲೆ ತರುವ ರೋಗಾಣುಗಳು ಕಣ್ಣಿಗೆ ಕಾಣುವಂಥವಲ್ಲ. ತಿಳಿ ನೀರಿನಲ್ಲೂ ಆರಾಮಾಗಿ ಇರುತ್ತವೆ. ಸೋಸುಡ್ರಮ್ಮಿನ ನಿಜವಾದ ಶಕ್ತಿ ಕಲ್ಲಿನಲ್ಲೂ ಇಲ್ಲ, ಇದ್ದಿಲಿನಲ್ಲೂ ಇಲ್ಲ. ಮರಳಿನ ಮೇಲ್ಭಾಗದ ಒಂದೆರಡು ಸೆಂಟಿಮೀಟರಿನಲ್ಲಿ ವಾರಗಟ್ಟಲೆ ಬೆಳೆಯುವ ಜೀವಿಗಳ ಪದರವೇ ಆ ಶಕ್ತಿ. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ನೀರಿನ ಜೊತೆ ಬರುವ ರೋಗಾಣುಗಳನ್ನು ತಿಂದುಹಾಕುತ್ತವೆ. ಮುಂದೆ ಹೇಳುವ ಅಳತೆಗಳಲ್ಲಿ ಬಹುಪಾಲು ಆ ಪದರವನ್ನು ಜೀವಂತ ಇಡುವುದಕ್ಕಾಗಿಯೇ.

ಇದು ಹೊಸ ಉಪಾಯವೇನಲ್ಲ. 1804ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಜಾನ್ ಗಿಬ್ ಎಂಬಾತ ಮರಳಿನಲ್ಲಿ ನೀರು ಸೋಸಿ ಊರಿಗೆ ಮಾರಿದ. 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ ಅದನ್ನೇ ದೊಡ್ಡದಾಗಿ ಕಟ್ಟಿದ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾ ಬಂದು 8,000ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇರುವ ಆಲ್ಟೋನಾ ಊರು ಅದೇ ಎಲ್ಬೆ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಚರಂಡಿ ಸೇರಿದ ಮೇಲಿನ ನೀರನ್ನು ಕುಡಿಯುತ್ತಿತ್ತು. ಅಲ್ಲಿ ಕಾಯಿಲೆ ಹಬ್ಬಲಿಲ್ಲ. ಆಲ್ಟೋನಾದಲ್ಲಿ ನಿಧಾನ ಮರಳು ಸೋಸುವಿಕೆ ಇತ್ತು, ಹ್ಯಾಂಬರ್ಗಿನಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ದಿನವಿಡೀ ನೀರು ಹರಿಸಬೇಕಾಗಿದ್ದ ಆ ವ್ಯವಸ್ಥೆಯನ್ನು ದಿನಕ್ಕೊಂದೆರಡು ಸಲ ಕೊಡ ಸುರಿಯುವ ಮನೆಗೆ ಹೊಂದಿಸಿದವರು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಝ್, 1990ರ ದಶಕದಲ್ಲಿ. ನಮ್ಮ ಡ್ರಮ್ ಆ ಜಾತಿಯದು.

ಯಾವುದು ಸೋಸಿದರೂ ಹೋಗುವುದಿಲ್ಲ

ಕರಗಿದ್ದು ಯಾವುದೂ ಹೋಗುವುದಿಲ್ಲ. ಉಪ್ಪು, ಗಡಸುತನ, ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಎಲ್ಲವೂ ಮರಳು ದಾಟಿ ಬರುತ್ತವೆ. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಆದ್ದರಿಂದ ಬೋರ್ ನೀರನ್ನು ಈ ಡ್ರಮ್ಮಿಗೆ ಹಾಕಿ "ಫಿಲ್ಟರ್ ಆಯ್ತು" ಅಂದುಕೊಂಡು ಮಕ್ಕಳಿಗೆ ಕುಡಿಸಬೇಡಿ. ಹೊಳೆ ನೀರಿನ ಒಂದು ಅನುಕೂಲವೇ ಇದು: ಕೊಳೆ ಹೆಚ್ಚಿರಬಹುದು, ಆದರೆ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಕೊಳೆಯನ್ನು ಮನೆಯಲ್ಲಿ ತೆಗೆಯಬಹುದು, ಫ್ಲೋರೈಡ್ ತೆಗೆಯುವುದು ಬೇರೆಯೇ ಕೆಲಸ.

ನೀರು ಹಸಿರಾಗಿ ಮೇಲೆ ಬಣ್ಣದಂಥ ಕೆನೆ ಕಟ್ಟಿದ್ದರೆ ಆ ನೀರು ತರಲೇಬೇಡಿ. ಅಂಥ ಪಾಚಿಯಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಗದ್ದೆಯ ಬಸಿನೀರು ಸೇರುವ ಹಳ್ಳ, ಬಸಿಗಾಲುವೆಗಳ ನೀರೂ ಬೇಡ.

ನೀರು ಎಲ್ಲಿ ತುಂಬಬೇಕು

ಸ್ನಾನಘಟ್ಟ, ಬಟ್ಟೆ ಒಗೆಯುವ ಬಂಡೆ, ದನ ಇಳಿಯುವ ದಾರಿ, ಊರ ಚರಂಡಿ, ಇವೆಲ್ಲದರ ಮೇಲ್ಗಡೆ, ಹರಿಯುವ ಜಾಗದಲ್ಲಿ ತುಂಬಿ. ಹುಣ್ಣಿಮೆಗೆ ಹುಲಿಗಿಗೆ ಜನ ಸೇರಿದಾಗ ಘಟ್ಟದ ಕೆಳಗಿನ ನೀರು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ.

ಬೇಸಿಗೆಯಲ್ಲಿ ಇನ್ನೂ ಒಳ್ಳೆಯ ದಾರಿ ಇದೆ, ನಮ್ಮ ಹಿರಿಯರದ್ದೇ: ಒರತೆ. ಹಗರಿ ನದಿಯ ಬತ್ತಿದ ಪಾತ್ರದಲ್ಲಿ, ಹೊಳೆಯ ಮರಳು ದಿಬ್ಬದಲ್ಲಿ ಮೊಣಕಾಲುದ್ದ ಗುಂಡಿ ತೋಡಿದರೆ ಅಡಿಯಿಂದ ನೀರು ಜಿನುಗುತ್ತದೆ. ಮೊದಲು ಬಂದ ರಾಡಿಯನ್ನು ತಂಬಿಗೆಯಿಂದ ಎರಡು ಮೂರು ಸಲ ಪೂರ್ತಿ ಬಳಿದು ದೂರ ಚೆಲ್ಲಿ. ಸುತ್ತಲ ಮರಳು ಕುಸಿಯದಂತೆ ತಳ ತೆಗೆದ ಬುಟ್ಟಿಯನ್ನೋ ಹಳೇ ಬಕೆಟ್ಟನ್ನೋ ಇಳಿಸಿ. ಸ್ವಲ್ಪ ಹೊತ್ತು ಬಿಟ್ಟರೆ ತಿಳಿ ನೀರು ಏರಿ ನಿಲ್ಲುತ್ತದೆ. ಅಷ್ಟು ದೂರ ಮರಳಿನೊಳಗೆ ಬಂದ ನೀರು ಅರ್ಧ ಸೋಸಿದ ನೀರೇ. ಆದರೆ ಬಾಯಿ ತೆರೆದ ಗುಂಡಿಗೆ ರಾತ್ರಿ ನಾಯಿ, ಹಂದಿ ಬಾಯಿ ಹಾಕುತ್ತವೆ. ದಿನವೂ ಹೊಸದಾಗಿ ಬಳಿಯಬೇಕು. ಡ್ರಮ್ಮಿನ ಕೆಲಸವನ್ನು ಒರತೆ ತಪ್ಪಿಸುವುದಿಲ್ಲ, ಹಗುರ ಮಾಡುತ್ತದೆ.

ಕೆಂಪು ನೀರು ಇಳಿಸುವುದು

ಮಳೆಗಾಲದ ಕೆಸರು ನೀರನ್ನು ನೇರ ಡ್ರಮ್ಮಿಗೆ ಸುರಿದರೆ ಮರಳು ಬೇಗನೆ ಕಟ್ಟಿಕೊಳ್ಳುತ್ತದೆ. ಎರಡು ಲೀಟರಿನ ಪಾರದರ್ಶಕ ಬಾಟಲಿಗೆ ನೀರು ತುಂಬಿ ಪತ್ರಿಕೆಯ ದಪ್ಪ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯ ಕಡೆಯಿಂದ ಕೆಳಗೆ ನೋಡಿ. ಅಕ್ಷರ ಓದಲು ಬಂದರೆ ಡ್ರಮ್ಮಿಗೆ ಹಾಕಬಹುದು. ಬರದಿದ್ದರೆ ಮೊದಲು ಕೆಸರು ಇಳಿಸಬೇಕು.

ಹರವಿಯಲ್ಲೋ ಬಕೆಟ್ಟಿನಲ್ಲೋ ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ದಪ್ಪ ಮಣ್ಣು ತಳ ಸೇರುತ್ತದೆ. ಸಣ್ಣ ಜೇಡಿ ಮಾತ್ರ ದಿನಗಟ್ಟಲೆ ತೇಲುತ್ತದೆ. ಅದಕ್ಕೆ ನುಗ್ಗೆ ಬೀಜ. ಮರದಲ್ಲೇ ಒಣಗಿದ ಕಾಯಿಯ ಬೀಜ ಬೇಕು, ಸಾರಿಗೆ ಹಾಕುವ ಹಸಿ ಕಾಯಿಯದಲ್ಲ. ರೆಕ್ಕೆ, ಸಿಪ್ಪೆ ತೆಗೆದು ಒಳಗಿನ ಬಿಳಿ ತಿರುಳನ್ನು ಒರಳಿನಲ್ಲಿ ನುಣ್ಣಗೆ ಕುಟ್ಟಿ. ಸ್ವಲ್ಪ ಮಬ್ಬಾದ ನೀರಿಗೆ ನಾಲ್ಕು ಲೀಟರಿಗೆ ಒಂದು ಬೀಜ, ಕೆಂಪಾದ ನೀರಿಗೆ ಲೀಟರಿಗೊಂದು, ಪ್ರವಾಹದ ರಾಡಿಗೆ ಲೀಟರಿಗೆ ಎರಡು. ಪುಡಿಯನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಐದು ನಿಮಿಷ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಆ ಹಾಲಿನಂಥ ನೀರನ್ನು ಕೆಸರು ನೀರಿಗೆ ಹಾಕಿ. ಒಂದು ನಿಮಿಷ ಜೋರಾಗಿ, ಆಮೇಲೆ ಐದರಿಂದ ಹತ್ತು ನಿಮಿಷ ನಿಧಾನವಾಗಿ ತಿರುಗಿಸಿ. ನಿಧಾನ ತಿರುಗಿಸುವುದರಲ್ಲೇ ಮರ್ಮ ಇದೆ: ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಮೋಡ ಒಡೆದಂತೆ ತುಣುಕು ತುಣುಕಾಗುವುದು ಕಣ್ಣಿಗೇ ಕಾಣುತ್ತದೆ. ಒಂದೆರಡು ತಾಸು ಮುಚ್ಚಿಟ್ಟರೆ ಅವು ಕೆಳಗೆ ಕೂರುತ್ತವೆ. ಮೇಲಿನ ನೀರನ್ನು ಅಲುಗದಂತೆ ಬಗ್ಗಿಸಿಕೊಳ್ಳಿ. ಬೀಜದ ಅಂಶ ನೀರಿನಲ್ಲಿ ಉಳಿದು ಹುಳಿತು ವಾಸನೆ ಬರುವುದರಿಂದ ಈ ನೀರನ್ನು ಅಂದೇ ಡ್ರಮ್ಮಿಗೆ ಹಾಕಬೇಕು.

ನುಗ್ಗೆ ಬೀಜ ಇಲ್ಲದಿದ್ದರೆ ಪಟಿಕ, ಅಂದರೆ ಆಲಂ: 20 ಲೀಟರಿನ ಕೊಡಕ್ಕೆ ಹೆಚ್ಚೆಂದರೆ ಒಂದು ಗ್ರಾಂ. ಗಡ್ಡೆಯನ್ನು ಮನಸ್ಸಿಗೆ ಬಂದಷ್ಟು ಹೊತ್ತು ನೀರಲ್ಲಿ ತಿರುವಬೇಡಿ. ಚಿಲ್ಲದ ಬೀಜವನ್ನು ಕಲ್ಲಿನ ಮೇಲೆ ತೇಯ್ದು ಹಾಕುವುದೂ ಹಳೆಯ ಪದ್ಧತಿ. ಬೀಜ ಗ್ರಂದಿಗೆ ಅಂಗಡಿಯಲ್ಲಿ ಕೇಳಿ ನೋಡಿ.

ಕಲ್ಲು ಆರಿಸುವುದು

ಹೊಳೆ ಮರಳೇ ಬೇಕೆಂದೇನಿಲ್ಲ. ಹೊಳೆ ಮರಳಿನಲ್ಲಿ ಸಗಣಿ, ಎಲೆಕೊಳೆ, ರೋಗಾಣು ಮೊದಲೇ ಇರುತ್ತವೆ, ಕಾಳು ಗುಂಡಗೆ ಒಂದೇ ಗಾತ್ರ ಇರುತ್ತದೆ, ಮೇಲಾಗಿ ತೆಗೆಯಲು ಕಾನೂನಿನ ಅಡ್ಡಿ. ಗ್ರಾನೈಟ್ ಒಡೆದ ಕಲ್ಲುಪುಡಿ ಇದಕ್ಕಿಂತ ಎಷ್ಟೋ ಮೇಲು. ಕೊಪ್ಪಳ, ಕುಷ್ಟಗಿ ಕಡೆ ಗ್ರಾನೈಟಿಗೆ ಬರವಿಲ್ಲ. ಕ್ರಷರಿನಲ್ಲಿ ತೊಳೆಯದ ಪುಡಿಯನ್ನೇ ಕೇಳಿ. ಮನೆ ಕಟ್ಟಲು ತೊಳೆದು ಕೊಡುವ ಎಂ-ಸ್ಯಾಂಡಿನಲ್ಲಿ ನಮಗೆ ಬೇಕಾದ ಸಣ್ಣ ಕಾಳೇ ಹೋಗಿರುತ್ತದೆ.

ಎರಡು ಕಲ್ಲು ಬೇಡ. ಒಂದು, ಶಹಾಬಾದ್ ಕಲ್ಲಿನ ಚೂರು. ಅದು ಸುಣ್ಣದ ಕಲ್ಲು, ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಗಡಸು ಹೆಚ್ಚಿಸುತ್ತದೆ. ಅನುಮಾನ ಬಂದರೆ ಕಲ್ಲಿನ ಮೇಲೆ ನಿಂಬೆರಸ ಬಿಡಿ, ನೊರೆ ಗುಳ್ಳೆ ಎದ್ದರೆ ಬದಿಗಿಡಿ. ಇನ್ನೊಂದು, ಸಂಡೂರು ಕಡೆಯ ಅದಿರು ಬೆರೆತ ಕೆಂಪು ಕಲ್ಲು; ಎಷ್ಟು ತೊಳೆದರೂ ಬಣ್ಣ ಬಿಡುತ್ತಲೇ ಇರುತ್ತದೆ.

ಪುಡಿಯನ್ನು ಬಿಸಿಲಿಗೆ ಒಣಗಿಸಿ ಜರಡಿ ಹಿಡಿಯಿರಿ. 12 ಮಿ.ಮೀ. ಜರಡಿಯಿಂದ ಇಳಿದು 6 ಮಿ.ಮೀ. ಮೇಲೆ ನಿಂತದ್ದು ತಳದ ಜಲ್ಲಿ. 6ರಿಂದ ಇಳಿದು 1 ಮಿ.ಮೀ. ಮೇಲೆ ನಿಂತದ್ದು ನಡುಜಲ್ಲಿ. ಆಮೇಲೆ 0.7 ಮಿ.ಮೀ. ಜರಡಿ ಹಿಡಿದು, ಅದರಿಂದ ಇಳಿದದ್ದೇ ಸೋಸುವ ಮರಳು ಎಂದು ಬೇರೆ ಇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ 24 ನಂಬರಿನ ತಂತಿ ಬಲೆ ಕೇಳಿದರೆ 0.7ರ ಹತ್ತಿರದ್ದು ಸಿಗುತ್ತದೆ. ಕ್ರಷರಿನ ದೂಳು ಎದೆಗೆ ಒಳ್ಳೆಯದಲ್ಲ, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳಿ.

ತೊಳೆಯುವ ಹದ

ಜಲ್ಲಿಗಳನ್ನು ನೀರು ಪೂರ್ತಿ ತಿಳಿಯಾಗುವ ತನಕ ತೊಳೆಯಿರಿ. ಮರಳಿಗೆ ಮಾತ್ರ ಆ ಹಟ ಬೇಡ. ಅತಿಯಾಗಿ ತೊಳೆದರೆ ಸಣ್ಣ ಕಾಳು ಹೋಗಿ ನೀರು ರಭಸವಾಗಿ ಇಳಿಯುತ್ತದೆ. ಕಡಿಮೆ ತೊಳೆದರೆ ಹನಿಹನಿಯೂ ಬರುವುದಿಲ್ಲ. ಹದ ನೋಡುವುದು ಹೀಗೆ: ಗಾಜಿನ ಲೋಟದಲ್ಲಿ ಕಾಲು ಭಾಗ ಮರಳು, ಮೇಲೆ ನೀರು. ಅಂಗೈ ಮುಚ್ಚಿ ಗಿರಗಿರ ತಿರುಗಿಸಿ ಕೆಳಗಿಡಿ, ಮೂರು ನಾಲ್ಕು ಎಣಿಸಿ. ಮೇಲಿನಿಂದ ನೋಡಿದಾಗ ಮರಳಿನ ಮುಖ ಕಾಣಬೇಕು, ಆದರೆ ನೀರು ಇನ್ನೂ ಚೂರು ಮಬ್ಬಾಗಿರಬೇಕು. ಮರಳು ಕಾಣಲೇ ಇಲ್ಲವೆಂದರೆ ಇನ್ನೊಂದು ನೀರು ಹಾಕಿ ತೊಳೆಯಿರಿ.

ಡ್ರಮ್ ಕಟ್ಟುವುದು

200 ಲೀಟರಿನ ನೀಲಿ ಡ್ರಮ್ ಸಾಕು. ಮೊದಲು ತಿನ್ನುವ ಪದಾರ್ಥವೇ ಬಂದಿದ್ದ ಡ್ರಮ್ ಆಗಿರಲಿ. ಕೀಟನಾಶಕ, ಆಸಿಡ್ ಬಂದದ್ದನ್ನು ಎಷ್ಟು ತೊಳೆದರೂ ಬಳಸಬಾರದು. ತುಂಬಿದ ಮೇಲೆ ತೂಕ 300 ಕಿಲೋ ಸುತ್ತ ಇರುತ್ತದೆ, ಆಮೇಲೆ ಸರಿಸಲು ಬರುವುದಿಲ್ಲ. ನೆರಳಲ್ಲಿ, ಗಟ್ಟಿ ಸಮತಟ್ಟು ಕಟ್ಟೆಯ ಮೇಲೆ ಮೊದಲೇ ಜಾಗ ನೋಡಿ ಇಡಿ. ಕಟ್ಟೆ ಎರಡಡಿ ಎತ್ತರ ಇದ್ದರೆ ಪಾತ್ರೆಗಳನ್ನು ಕೆಳಗೆ ಇಡಲು ಸಲೀಸು.

ತಳಕ್ಕೆ ತಾಗಿದಂತೆ ಪಕ್ಕದಲ್ಲಿ ತೂತು ಕೊರೆದು ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ ಕೂರಿಸಿ. ಒಳಗಡೆ ಅದಕ್ಕೆ ತಳದ ಮೇಲೆ ಮಲಗುವ ಪಿವಿಸಿ ಪೈಪ್, ಕೊನೆ ಮುಚ್ಚಿ, ಕೆಳಮುಖವಾಗಿ 3 ಮಿ.ಮೀ. ತೂತುಗಳು. ಹೊರಗಡೆ ಎಲ್ಬೋ ಹಾಕಿ ಪೈಪನ್ನು ನೇರ ಮೇಲಕ್ಕೆ ಒಯ್ಯಿರಿ. ಒಳತಳದಿಂದ 67 ಸೆಂ.ಮೀ. ಎತ್ತರದಲ್ಲಿ ಇನ್ನೊಂದು ಎಲ್ಬೋ ಹೊರಳಿಸಿ ಬಾಯಿ ಬಿಡಿ. ಈ 67ರ ಲೆಕ್ಕ ಹೀಗೆ: ತಳದ ಜಲ್ಲಿ 7, ನಡುಜಲ್ಲಿ 5, ಮರಳು 50, ಅದರ ಮೇಲೆ ಯಾವಾಗಲೂ ನಿಲ್ಲಬೇಕಾದ ನೀರು 5. ಬಾಯಿ ಇಷ್ಟು ಎತ್ತರದಲ್ಲಿರುವುದರಿಂದ ಡ್ರಮ್ ತಾನಾಗಿಯೇ ಒಣಗುವುದಿಲ್ಲ. 5 ಸೆಂ.ಮೀ.ಗಿಂತ ನೀರು ಬಹಳ ಹೆಚ್ಚಿದ್ದರೆ ಕೆಳಗಿನ ಜೀವಿಗಳಿಗೆ ಗಾಳಿ ತಲುಪುವುದಿಲ್ಲ, ಬಹಳ ಕಡಿಮೆಯಿದ್ದರೆ ನಮ್ಮ ಬಿಸಿಲಿಗೆ ಆರಿಹೋಗುತ್ತದೆ.

ಈ ಬಾಯಿಗೆ ನಲ್ಲಿ ಹಾಕಬಾರದು. ಪ್ಲಂಬರ್ ಹಾಕುತ್ತೇನೆಂದೇ ಹೇಳುತ್ತಾರೆ, ಒಪ್ಪಬೇಡಿ. ನಲ್ಲಿ ಮುಚ್ಚಿದರೆ ನೀರು ಮರಳಿನ ಮೇಲೆ ಎತ್ತರಕ್ಕೆ ನಿಂತು ಪದರ ಸಾಯುತ್ತದೆ. ಉದ್ದ ಪೈಪು ಜೋಡಿಸಿ ಕೆಳಕ್ಕೆ ಬಿಡುವುದೂ ಬೇಡ, ಅದು ಎಳೆದುಕೊಂಡು ಡ್ರಮ್ಮನ್ನೇ ಬರಿದು ಮಾಡುತ್ತದೆ.

ಒಳಗೆ ತುಂಬುವಾಗ ಮೊದಲು ನೀರು, ಆಮೇಲೆ ಜಲ್ಲಿ ಮತ್ತು ಮರಳು. ಯಾವ ಹೊತ್ತಿನಲ್ಲೂ ನೀರಿನ ಮಟ್ಟ ಮರಳಿಗಿಂತ ಮೇಲಿರಲಿ, ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿ ನೀರು ಒಂದೇ ಸಂದಿನಲ್ಲಿ ಓಡುತ್ತದೆ. ಮರಳನ್ನು ಒತ್ತಿ ಗಟ್ಟಿ ಮಾಡಬೇಡಿ. ಮೇಲೆ, ನಿಂತ ನೀರಿಗೆ ತಾಗದಂತೆ, 3 ಮಿ.ಮೀ. ತೂತುಗಳ ತಟ್ಟೆ ಕೂರಿಸಿ. ಸುರಿದ ನೀರು ಮರಳಿನಲ್ಲಿ ಗುಳಿ ತೋಡದಂತೆ ಅದು ತಡೆಯುತ್ತದೆ. ಕೊನೆಗೆ ಮುಚ್ಚಳ.

ಈಗ ಡ್ರಮ್ ತುಂಬಿಸಿ ಬಾಯಿಯಲ್ಲಿ ಲೀಟರ್ ಅಳತೆ ಹಿಡಿಯಿರಿ. ತುಂಬಲು 35 ಸೆಕೆಂಡಿಗಿಂತ ಕಡಿಮೆ ಹಿಡಿದರೆ ಮರಳು ದಪ್ಪವಾಯಿತು. ಮೇಲಿನ ಸ್ವಲ್ಪ ಭಾಗ ತೆಗೆದು ಕಡಿಮೆ ತೊಳೆದ ಸಣ್ಣ ಮರಳು ಹಾಕಿ. ಒಂದು ನಿಮಿಷದ ಸುತ್ತ ಹಿಡಿದರೆ ತುಂಬ ಚೆನ್ನ.

ಪದರ ಬೆಳೆಯುವ ತಿಂಗಳು

ದಿನವೂ ಒಂದೇ ಕಡೆಯ ನೀರನ್ನು ಒಂದೆರಡು ಸಲ ಹಾಕುತ್ತ ಸುಮಾರು ನಾಲ್ಕು ವಾರ ಕಾಯಬೇಕು. ಈ ಅವಧಿಯಲ್ಲಿ ಬರುವ ನೀರು ಪಾತ್ರೆ, ಬಟ್ಟೆಗೆ ಸರಿ. ಕುಡಿಯಲೇಬೇಕಾದರೆ ಕುದಿಸದೆ ಬೇಡ. ಒಂದು ಸಲಕ್ಕೆ 40 ಲೀಟರ್ ಮೀರಬೇಡಿ. ಮರಳಿನ ಸಂದಿಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ನೀರು ಹಿಡಿಯುತ್ತದೆ, ಅದು ರಾತ್ರಿಯೆಲ್ಲ ಅಲ್ಲೇ ನಿಂತಾಗಲೇ ಹೆಚ್ಚಿನ ರೋಗಾಣು ಸಾಯುವುದು. ಎರಡು ಸಲದ ನಡುವೆ ಆರು ತಾಸಾದರೂ ಬಿಡುವು ಕೊಡಿ, ಎರಡು ದಿನ ಮೀರಿಸಬೇಡಿ. ಗವಿಮಠದ ಜಾತ್ರೆಗೋ ಬೀಗರ ಊರಿಗೋ ಹೊರಟರೆ ಪಕ್ಕದ ಮನೆಯ ಅಕ್ಕನಿಗೆ ದಿನಕ್ಕೊಂದು ಕೊಡ ಸುರಿಯಲು ಹೇಳಿ ಹೋಗಿ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಎಂದೂ ಮೇಲಿಂದ ಹಾಕಬೇಡಿ.

ಪದರ ಬಲಿತ ಮೇಲೆ ಬ್ಯಾಕ್ಟೀರಿಯಾ ಶೇ 90ರ ಸುತ್ತ ಅಥವಾ ಅದಕ್ಕೂ ಹೆಚ್ಚು ತಗ್ಗುತ್ತದೆ, ಆಮಶಂಕೆ ತರುವ ದೊಡ್ಡ ಜೀವಿಗಳು ಬಹುತೇಕ ಪೂರ್ತಿ ಹೋಗುತ್ತವೆ. ವೈರಸ್ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಅದಕ್ಕೇ ಕೊನೆಯ ಹಂತ ಬಿಡುವಂತಿಲ್ಲ.

ಕಟ್ಟಿಗೆಯ ಪಾಲು

ಇದ್ದಿಲನ್ನು ಮರಳಿನ ನಡುವೆ ಹಾಕುವುದು ಎಲ್ಲರೂ ಮಾಡುವ ಕೆಲಸ. ಬೇಡ ಎನ್ನುತ್ತೇನೆ. ಇದ್ದಿಲು ಕೆಲವು ತಿಂಗಳಲ್ಲಿ ಸೋಲುತ್ತದೆ, ಬದಲಿಸಲು ಇಡೀ ಡ್ರಮ್ ಬಿಚ್ಚಬೇಕು, ಪದರ ಹಾಳು. ಬೇರೆ ಬಕೆಟ್ಟಿನಲ್ಲಿಟ್ಟು ಡ್ರಮ್ಮಿನ ಬಾಯಿಯ ಕೆಳಗೆ ಹಿಡಿಯಿರಿ.

ಎಲ್ಲೆಲ್ಲೂ ಬೆಳೆದ ಬಳ್ಳಾರಿ ಜಾಲಿಯ ಇದ್ದಿಲು ಇದಕ್ಕೆ ಹೇಳಿ ಮಾಡಿಸಿದ್ದು, ಗಟ್ಟಿ, ಬೇಗ ಪುಡಿಯಾಗುವುದಿಲ್ಲ. ಇಸ್ತ್ರಿ ಅಂಗಡಿಗೆ ಬರುವ ಚೀಲದಿಂದಲೇ ಆರಿಸಿಕೊಳ್ಳಿ. ಎರಡು ತುಂಡು ತಟ್ಟಿದರೆ ಠಣ್ ಎನ್ನಬೇಕು, ಮುರಿದ ಮುಖ ಮಿಂಚಬೇಕು. ಒಳಗೆ ಕಂದು ಬಣ್ಣವಿದ್ದರೆ, ಹೊಗೆ ವಾಸನೆ ಬಂದರೆ ಅರೆಬೆಂದದ್ದು. ಬಣ್ಣ ಬಳಿದ ಹಳೇ ಬಾಗಿಲು, ಪ್ಲೈವುಡ್ ಸುಟ್ಟ ಇದ್ದಿಲು ಮುಟ್ಟಬೇಡಿ. ಚೀಲದಲ್ಲಿ ಹಾಕಿ ಕುಟ್ಟಿ ಜೋಳದ ಕಾಳಿನ ಗಾತ್ರ ಮಾಡಿ, ಕಪ್ಪು ನೀರು ನಿಲ್ಲುವ ತನಕ ತೊಳೆದು, ಹತ್ತು ನಿಮಿಷ ಕುದಿಸಿ, ಒಂದು ರಾತ್ರಿ ನೆನೆಸಿ, ಇಲ್ಲದಿದ್ದರೆ ತೇಲುತ್ತದೆ. ತಳ ತೂತಾದ ಬಕೆಟ್ಟಿನಲ್ಲಿ ಬಟ್ಟೆ, ಮೂರು ಬೆರಳು ಜಲ್ಲಿ, ಒಂದು ಗೇಣು ಇದ್ದಿಲು, ಮೇಲೆ ಮತ್ತೆ ಬಟ್ಟೆ ಮತ್ತು ಜಲ್ಲಿಯ ಭಾರ. ವಾಸನೆ, ಬಣ್ಣ, ಸ್ವಲ್ಪ ಮಟ್ಟಿಗೆ ಔಷಧಿಯ ಅಂಶ ಇದು ಹೀರುತ್ತದೆ. ರೋಗಾಣುವಿಗೆ ಇದು ಮದ್ದಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ.

ಹಸಿ ಕಟ್ಟಿಗೆಯೇ ನೀರು ಸೋಸುತ್ತದೆ ಎಂಬ ಸುದ್ದಿಯೂ ಸುಳ್ಳಲ್ಲ. 2014ರಲ್ಲಿ ಅಮೆರಿಕದ ಎಂಐಟಿಯ ರೋಹಿತ್ ಕಾರ್ಣಿಕ್ ಮತ್ತು ಜೊತೆಗಾರರು ಪೈನ್ ಕೊಂಬೆಯ ಸಣ್ಣ ತುಂಡಿನ ಮೂಲಕ ನೀರು ಹಾಯಿಸಿ ಶೇ 99ಕ್ಕೂ ಹೆಚ್ಚು ಬ್ಯಾಕ್ಟೀರಿಯಾ ತಡೆದು ತೋರಿಸಿದರು. ಆದರೆ ಪೈನಿನಂಥ ಮರಗಳ ನಾಳಗಳು ಗಿಡ್ಡ, ನೀರು ಹೆಜ್ಜೆಹೆಜ್ಜೆಗೂ ಸೂಕ್ಷ್ಮ ಪೊರೆ ದಾಟಬೇಕು. ನಮ್ಮ ಬೇವು, ಜಾಲಿ, ಹುಣಸೆಯ ನಾಳಗಳು ಉದ್ದ ಕೊಳವೆಯಂತೆ ತೆರೆದಿರುತ್ತವೆ, ಸಣ್ಣ ತುಂಡಿನಲ್ಲಿ ಬ್ಯಾಕ್ಟೀರಿಯಾ ನೇರ ನುಗ್ಗಿ ಬರುತ್ತದೆ. ಬೇವಿನ ಕಡ್ಡಿ ಕತ್ತರಿಸಿ ಪೈಪಿಗೆ ತುರುಕುವ ಪ್ರಯೋಗ ಇಲ್ಲಿ ಬೇಡ.

ಕೊನೆಯ ಹಂತ

2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ಮರೆಯುವಂಥದ್ದಲ್ಲ. ಸೋಸಿದ ನೀರಿನಲ್ಲಿ ಉಳಿದ ರೋಗಾಣು ಕೊಲ್ಲಲು ಈ ಮೂರರಲ್ಲಿ ಒಂದು ದಾರಿ ಹಿಡಿಯಿರಿ.

ಕುದಿಸುವುದು: ಗುಳುಗುಳು ಉಕ್ಕಿ ಒಂದು ನಿಮಿಷ ಕುದಿದರೆ ಸಾಕು.

ಬಿಸಿಲು: ನಮ್ಮಲ್ಲಿ ಪುಕ್ಕಟೆ. ಗೀರಿಲ್ಲದ, ಎರಡು ಲೀಟರ್ ಮೀರದ ಪಾರದರ್ಶಕ ಪೆಟ್ ಬಾಟಲಿ ತುಂಬಿ, ಮಾಳಿಗೆಯ ಮೇಲೆ ಮಲಗಿಸಿ ಆರು ತಾಸು. ಮೋಡವಿದ್ದರೆ ಸತತ ಎರಡು ದಿನ. ಜಡಿಮಳೆಯಲ್ಲಿ ಈ ದಾರಿ ನಡೆಯುವುದಿಲ್ಲ.

ಬ್ಲೀಚಿಂಗ್ ಪೌಡರ್: 40 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕದಡಿ, ಗಸಿ ಇಳಿಸಿ ಮೇಲಿನ ತಿಳಿ ಇಟ್ಟುಕೊಳ್ಳಿ. 20 ಲೀಟರ್ ಸೋಸಿದ ನೀರಿಗೆ ಅದರಲ್ಲಿ 4 ಮಿ.ಲೀ., ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು ಹಾಕಿ, ಅರ್ಧ ತಾಸು ಮುಚ್ಚಿಡಿ. ತೆರೆದಿಟ್ಟ ಹಳೇ ಪುಡಿ ಬಳ್ಳಾರಿಯ ಬಿಸಿಲಿಗೆ ಸತ್ವ ಕಳೆದುಕೊಂಡಿರುತ್ತದೆ, ಹೊಸದು ತನ್ನಿ. ತಿಳಿಯನ್ನೂ ವಾರಕ್ಕೊಮ್ಮೆ ಹೊಸದಾಗಿ ಮಾಡಿ, ಕತ್ತಲಲ್ಲಿ ಇಡಿ.

ಆಮೇಲೆ ಆ ನೀರಿಗೆ ಕೈ ಅದ್ದಿ ಲೋಟ ಮುಳುಗಿಸಿದರೆ ಇಷ್ಟೆಲ್ಲ ಮಾಡಿದ್ದು ದಂಡ. ನಲ್ಲಿ ಇರುವ ಪಾತ್ರೆಯೋ ಉದ್ದ ಹಿಡಿಯ ಸೌಟೋ ಇರಲಿ.

ಕಟ್ಟಿಕೊಂಡಾಗ, ಅನುಮಾನ ಬಂದಾಗ

ಲೀಟರ್ ತುಂಬಲು ಮೂರು ನಾಲ್ಕು ನಿಮಿಷ ಹಿಡಿಯತೊಡಗಿದರೆ ತಟ್ಟೆ ತೆಗೆದು, ಒಂದು ಬಕೆಟ್ ನೀರು ಹಾಕಿ, ತೊಳೆದ ಅಂಗೈಯನ್ನು ಮರಳಿನ ಮೇಲೆ ಹಗುರವಾಗಿ ಸುತ್ತಾಡಿಸಿ. ಎದ್ದ ರಾಡಿಯನ್ನು ತಂಬಿಗೆಯಿಂದ ಬಳಿದು ಚೆಲ್ಲಿ, ಮುಖ ಸಮ ಮಾಡಿ. ಬೆರಳು ಆಳಕ್ಕೆ ಇಳಿಸಬೇಡಿ. ಹೀಗೆ ಮಾಡಿದ ಮೇಲೆ ಪದರ ಮತ್ತೆ ಕೂಡಿಕೊಳ್ಳುವ ತನಕ ಒಂದೆರಡು ವಾರ ಕುದಿಸಿಯೇ ಕುಡಿಯಿರಿ.

ಗ್ರಾಮ ಪಂಚಾಯಿತಿಗಳಲ್ಲಿ ಜಲಜೀವನ್ ಮಿಷನ್‌ನಡಿ ಕೊಟ್ಟ ನೀರು ಪರೀಕ್ಷೆಯ ಕಿಟ್ ಇರುತ್ತದೆ. ಅದರಲ್ಲಿನ ಬ್ಯಾಕ್ಟೀರಿಯಾ ಸೀಸೆ ಕೇಳಿ. ಒಂದಕ್ಕೆ ಹೊಳೆಯ ನೀರು, ಇನ್ನೊಂದಕ್ಕೆ ಡ್ರಮ್ಮಿನ ಬಾಯಿಯಿಂದ ನೇರ ಹಿಡಿದ, ಕ್ಲೋರಿನ್ ಹಾಕದ ನೀರು ತುಂಬಿ ಎರಡು ದಿನ ಬೆಚ್ಚಗೆ ಇಡಿ. ಹೊಳೆಯದು ಕಪ್ಪಾಗುವುದು ಸಹಜ. ಡ್ರಮ್ಮಿನದೂ ಕಪ್ಪಾದರೆ ಮೊದಲು ಲೀಟರ್ ತುಂಬುವ ಹೊತ್ತು ಅಳೆಯಿರಿ, ಆಮೇಲೆ ಮರಳಿನ ಮೇಲೆ ನಿಂತ ನೀರಿನ ಎತ್ತರ ನೋಡಿ. ಎರಡೂ ಸರಿಯಿದ್ದರೆ ಇನ್ನೆರಡು ವಾರ ದಿನವೂ ನೀರು ಹಾಕುತ್ತ ಹೋಗಿ, ಮತ್ತೆ ಸೀಸೆ ತುಂಬಿ ನೋಡಿ.